ಹಸಿರು ಹೊಳಪಿನ ಜೇನುನೊಣ ಹೊಸ ಪ್ರಭೇದವೇ? ಹಿಡಿಯುವುದರಿಂದ ಹೆಸರಿಡುವವರೆಗೆ ಹಂತ ಹಂತವಾಗಿ

ಲೋಹದಂತೆ ಹೊಳೆಯುವ ಪುಟ್ಟ ಹಸಿರು ಜೇನುನೊಣದ ಫೋಟೋ ತೋರಿಸಿ ‘ಇದು ಹೊಸ ಪ್ರಭೇದ ಅಲ್ವಾ?’ ಎಂದು ಕೇಳುವವರು ಕಮ್ಮಿಯಿಲ್ಲ. ಕೆಲವರು ವಿವರಣೆಯ ಕರಡನ್ನೂ ಬರೆದುಕೊಂಡೇ ಬರುತ್ತಾರೆ. ಎಡವುವ ಜಾಗ ಮಾತ್ರ ಹೆಚ್ಚು ಕಡಿಮೆ ಎಲ್ಲರದೂ ಒಂದೇ. ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಹೆಸರಿಡುತ್ತಾರೆ, ಕೊನೆಗೆ ಹಳೆಯ ಹೆಸರುಗಳನ್ನು ಹುಡುಕಲು ಹೊರಡುತ್ತಾರೆ. ಈ ಕ್ರಮವೇ ತಲೆಕೆಳಗು. ಹಳೆಯ ಹೆಸರುಗಳ ಕೆಲಸ ಮೊದಲು ಮುಗಿಯಬೇಕು. ಹೊಸ ಹೆಸರು ಎಲ್ಲಕ್ಕಿಂತ ಕೊನೆಗೆ. ಬಣ್ಣದ ಮೇಲೆ ಭಾರ ಹಾಕುವುದಂತೂ ಬೇಡವೇ ಬೇಡ.

ಇಲ್ಲಿ ಉದಾಹರಣೆಗೆ ಸೆರಾಟಿನ ಕುಲವನ್ನು ಹಿಡಿದಿದ್ದೇನೆ. ಮೆತ್ತನೆ ತಿರುಳಿನ ಒಣ ಕಡ್ಡಿ ಕೊರೆದು ಗೂಡು ಮಾಡುವ ಸಣ್ಣ ಬಡಗಿ ಜೇನುಗಳು ಇವು. ನಮ್ಮ ಕಡೆ ಕಾಣುವ ಸೆರಾಟಿನ ಸ್ಮರಾಗ್ಡುಲ ಮತ್ತು ಸೆರಾಟಿನ ಬಿಂಗಾಮಿ ಎರಡೂ ಪಿಥೈಟಿಸ್ ಎಂಬ ಉಪಕುಲಕ್ಕೆ ಸೇರಿದವು, ಎರಡೂ ಹಸಿರು. ಲೇಸಿಯೊಗ್ಲಾಸಮ್, ಸೆಲಡೋನಿಯದಂಥ ನೆಲದಲ್ಲಿ ಗೂಡು ಮಾಡುವ ಹಸಿರು ಜೇನುಗಳಿಗೂ ಹಂತಗಳು ಇವೇ.

## ಮೊದಲು ಸಾಮಾನು ಹೊಂದಿಸಿಕೊಳ್ಳಿ

ಕೀಟ ಹಿಡಿಯುವ ಬಲೆ, ಕೊಲ್ಲುವ ಬಾಟಲಿ, ಕೀಟದ ಪಿನ್‌ಗಳು, ಚೂಪು ಮೂತಿಯ ಚಿಮಟ, ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಗಳು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಷ್ಟು ಬೇಕೇ ಬೇಕು. ಸ್ಟೀರಿಯೊ ಮೈಕ್ರೋಸ್ಕೋಪ್ ಕನಿಷ್ಠ 40 ಪಟ್ಟು ದೊಡ್ಡದಾಗಿ ತೋರಿಸಬೇಕು, 80 ಪಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಕಣ್ಣಿನ ಮಸೂರದಲ್ಲಿ ಅಳತೆಪಟ್ಟಿ ಇರಲಿ. ಅದನ್ನು ಪ್ರತಿ ವರ್ಧನೆಗೂ ಬೇರೆಬೇರೆಯಾಗಿ ಹೊಂದಿಸಬೇಕು. ಒಂದರಲ್ಲಿ ಹೊಂದಿಸಿ ಇನ್ನೊಂದರಲ್ಲಿ ಅಳೆದವರ ಕರಡಿನಲ್ಲಿ ರೆಕ್ಕೆ ಮೈಗಿಂತ ಉದ್ದ ಬಂದಿರುತ್ತದೆ!

ಮೊಬೈಲ್ ಫೋಟೋ ಮಾತ್ರ ಇದ್ದರೆ ಇಲ್ಲೇ ನಿಲ್ಲಿ. ಫೋಟೋ ನೋಡಿ ಅನುಮಾನ ಪಡಬಹುದು, ಪ್ರಭೇದ ವಿವರಿಸಲಾಗದು.

## ಹಂತ 1: ಅನುಮತಿ

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಹಿಡಿಯುವುದಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲೇ ಕೈಯಲ್ಲಿರಬೇಕು. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ. ಅನುಮತಿ ಪತ್ರದ ಸಂಖ್ಯೆಯನ್ನು ಪ್ರಬಂಧದಲ್ಲಿ ಕೇಳುವ ಪತ್ರಿಕೆಗಳಿವೆ. ಆಮೇಲೆ ಮಾಡಿಸಿಕೊಳ್ಳೋಣ ಎಂದರೆ ಆಗುವುದಿಲ್ಲ. ಮಾದರಿಗಳನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಜೀವವೈವಿಧ್ಯ ಕಾಯ್ದೆ, 2002ರ ನಿಯಮಗಳನ್ನು ಈಗಲೇ ಓದಿಕೊಳ್ಳಿ.

## ಹಂತ 2: ಹಿಡಿಯುವುದು, ಒಂದಲ್ಲ, ಹಲವು

ಒಂದೇ ಒಂದು ಮಾದರಿ ಇಟ್ಟುಕೊಂಡು ಪ್ರಭೇದ ವಿವರಿಸಲು ನಿಯಮದಲ್ಲಿ ಅಡ್ಡಿಯಿಲ್ಲ. ಆದರೂ ಬೇಡ. ಒಂದೇ ಇದ್ದಾಗ ನೀವು ಕಂಡ ವ್ಯತ್ಯಾಸ ಪ್ರಭೇದದ್ದೋ ಆ ಒಂದು ನೊಣದ್ದೋ ಹೇಳುವುದು ಕಷ್ಟ. ಹೆಣ್ಣು ಗಂಡು ಎರಡೂ ಬೇಕು, ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ಊರುಗಳಿಂದ.

ಹೂವಿನ ಮೇಲೆ ಬಲೆ ಬೀಸುವುದು, ಹಳದಿ, ಬಿಳಿ, ನೀಲಿ ಬಟ್ಟಲುಗಳಲ್ಲಿ ಸೋಪಿನ ನೀರು ಇಡುವುದು ಎಲ್ಲರಿಗೂ ಗೊತ್ತು. ಸೆರಾಟಿನಕ್ಕೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. ರತ್ನಗಂಧಿ, ಲಂಟಾನದಂಥ ಗಿಡಗಳ ಮುರಿದ ಒಣ ಕಡ್ಡಿಗಳ ತುದಿ ನೋಡಿ. ತಿರುಳಿನ ನಡುವೆ ದುಂಡನೆಯ ತೂತು ಇದ್ದರೆ ಮುಸ್ಸಂಜೆ ಹೊತ್ತಿಗೆ ತುದಿಗೆ ಹತ್ತಿ ತುರುಕಿ ಕಡ್ಡಿ ಕತ್ತರಿಸಿಕೊಳ್ಳಿ. ಮನೆಗೆ ತಂದು ಉದ್ದಕ್ಕೆ ಸೀಳಿದರೆ ಸಾಲಾಗಿ ಕೋಣೆಗಳು, ಕೆಲವದರಲ್ಲಿ ಪರಾಗದ ಉಂಡೆ, ಕೆಲವದರಲ್ಲಿ ಮರಿಹುಳು, ಅದೃಷ್ಟ ಇದ್ದರೆ ಹೊರಬರಲು ಕಾದಿರುವ ಗಂಡು ಹೆಣ್ಣು ಎರಡೂ. ಒಂದೇ ಗೂಡಿನಿಂದ ಬಂದ ಜೋಡಿ ಸಿಕ್ಕರೆ ‘ಈ ಗಂಡು ಈ ಹೆಣ್ಣಿಗೆ ಸೇರಿದ್ದೇ?’ ಎಂಬ ತಲೆನೋವು ಬಹುಮಟ್ಟಿಗೆ ಮುಗಿಯಿತು. ಗೂಡನ್ನು ಕದಿಯುವ ಬೇರೆ ಕೀಟಗಳೂ ಇರುವುದರಿಂದ ಹೊರಬಂದದ್ದನ್ನೆಲ್ಲ ಒಮ್ಮೆ ಪರೀಕ್ಷಿಸಿ.

ಕೊಲ್ಲಲು ಈಥೈಲ್ ಅಸಿಟೇಟ್ ಸಾಕು. ಅದೂ ಇಲ್ಲದಿದ್ದರೆ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ. ಹಳೆಯ ಕಾಲದ ಸೈನೈಡ್ ಬಾಟಲಿ ಅಪಾಯಕರ ಅನ್ನುವುದು ಒಂದು ಕಡೆ. ಇನ್ನೊಂದು, ಅದು ಹಳದಿ ಗುರುತುಗಳನ್ನು ಕೆಂಪಗೆ ಮಾಡಿಬಿಡುತ್ತದೆ. ಮ್ಯೂಸಿಯಂನಲ್ಲಿ ಕೆಂಪು ಮಚ್ಚೆಯ ಹಳೆ ಮಾದರಿ ಕಂಡರೆ ಕೂಡಲೇ ಖುಷಿಪಡಬೇಡಿ.

ಒಂದೆರಡು ಮಾದರಿಗಳನ್ನು, ಇಲ್ಲವೇ ಅವುಗಳ ಒಂದು ಕಾಲನ್ನು, ಡಿಎನ್‌ಎಗೆಂದು ಗಟ್ಟಿ ಆಲ್ಕೋಹಾಲ್‌ನಲ್ಲಿ ಬೇರೆ ಇಡಿ.

## ಹಂತ 3: ಪಿನ್ ಮತ್ತು ಚೀಟಿ

ಸೋಪಿನ ನೀರಿನಲ್ಲಿ ಬಿದ್ದ ಜೇನನ್ನು ತೊಳೆಯದೆ ಪಿನ್ ಮಾಡಬೇಡಿ. ಒದ್ದೆ ಕೂದಲು ಅಂಟಿಕೊಂಡು ಒಣಗಿದರೆ ಕೆಳಗಿನ ಮೇಲ್ಮೈ ಕಾಣುವುದೇ ಇಲ್ಲ. ತೊಳೆದು, ಹೇರ್ ಡ್ರೈಯರ್‌ನ ಹದ ಗಾಳಿಯಲ್ಲಿ ಒಣಗಿಸಿ, ಆಮೇಲೆ ಎದೆಯ ಮೇಲೆ ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಪಿನ್ ಚುಚ್ಚಿ. ನಡುವೆಯೇ ಚುಚ್ಚಿದರೆ ಮುಂದೆ ನೋಡಲೇಬೇಕಾದ ಗೆರೆ ಹಾಳಾಗುತ್ತದೆ. ತೀರಾ ಸಣ್ಣದಾದರೆ ಪಿನ್ನಿನ ಪಕ್ಕಕ್ಕೆ ಅಂಟಿಸುವುದೇ ವಾಸಿ. ಗಂಡಾದರೆ ಮೈ ಮೆತ್ತಗಿರುವಾಗಲೇ ಹೊಟ್ಟೆಯ ತುದಿಯಿಂದ ಜನನಾಂಗವನ್ನು ಸ್ವಲ್ಪ ಹೊರಗೆಳೆದು ಬಿಟ್ಟರೆ ಮುಂದಿನ ಕೆಲಸ ಅರ್ಧ ಕಮ್ಮಿ.

ಚೀಟಿಯಲ್ಲಿ ರಾಜ್ಯ, ಜಿಲ್ಲೆ, ಜಾಗ, ಅಕ್ಷಾಂಶ ರೇಖಾಂಶ, ಎತ್ತರ, ತಾರೀಖು, ಹಿಡಿದವರ ಹೆಸರು, ಕೂತಿದ್ದ ಹೂವು ಬರೆಯಿರಿ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆದರೆ ಯಾವುದು ದಿನ, ಯಾವುದು ತಿಂಗಳು ಎಂಬ ಗೊಂದಲ ಇರದು. ‘ಮಾದರಿ 7, ನೋಟ್‌ಬುಕ್ ನೋಡಿ’ ಅಂತ ಬರೆದಿಡುವ ಅಭ್ಯಾಸ ಬಿಡಿ. ನೋಟ್‌ಬುಕ್ ಕಳೆದುಹೋಗುತ್ತದೆ, ಮಾದರಿ ಉಳಿಯುತ್ತದೆ.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಪೆಟ್ಟಿಗೆಯೊಳಗೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದ ಕೂಡಲೇ ಬಿಸಿಮಾಡಿ ಮತ್ತೆ ಹಾಕಿ.

## ಹಂತ 4: ಇದು ಜೇನೇ? ಯಾವ ಕುಲ?

ನಗಬೇಡಿ, ಈ ಪ್ರಶ್ನೆ ಕೇಳಲೇಬೇಕು. ಹಸಿರಾಗಿ ಹೊಳೆಯುವ ಕೋಗಿಲೆ ಕಣಜಗಳನ್ನು ಜೇನೆಂದು ತರುವವರು ಸಾಕಷ್ಟು ಜನ. ಆ ಕಣಜದ ಹೊಟ್ಟೆಯ ಅಡಿಭಾಗ ಒಳಕ್ಕೆ ತಗ್ಗಾಗಿರುತ್ತದೆ, ಮುಟ್ಟಿದರೆ ಉಂಡೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಜೇನಿನ ಮೈಮೇಲೆ ಎಲ್ಲಾದರೂ ಕವಲೊಡೆದ ಕೂದಲು ಇದ್ದೇ ಇರುತ್ತದೆ. ಸೆರಾಟಿನಕ್ಕೆ ಕೂದಲೇ ಕಮ್ಮಿ, ಬೋಳು ಮೈ. ಅದಕ್ಕೇ ಗೊಂದಲ ಜಾಸ್ತಿ.

ನಂತರ ಮುಂದಿನ ರೆಕ್ಕೆ ನೋಡಿ. ತಳದ ನರ ಜೋರಾಗಿ ಬಾಗಿದ್ದರೆ ಅದು ಹಾಲಿಕ್ಟಿಡೆ ಕುಟುಂಬದ್ದು, ಸೆರಾಟಿನ ಅಲ್ಲ. ಆ ಕುಟುಂಬದೊಳಗೆ ಹೊಟ್ಟೆಯ ಫಲಕಗಳ ಹಿಂದಿನ ಅಂಚಿನಲ್ಲಿ ಬಿಳಿ ಕೂದಲ ಪಟ್ಟಿ ಇದ್ದರೆ ಸೆಲಡೋನಿಯದ ಕಡೆ ಹೋಗಿ, ಬುಡದಲ್ಲಿ ಇದ್ದರೆ ಲೇಸಿಯೊಗ್ಲಾಸಮ್ ಕಡೆ. ಗಂಡೋ ಹೆಣ್ಣೋ ಎಂಬುದಕ್ಕೆ ತಲೆಯ ಮೇಲಿನ ಮೀಸೆಯ ಗೆಣ್ಣು ಎಣಿಸಿ: ಹೆಣ್ಣಿಗೆ 12 ಗೆಣ್ಣು, ಗಂಡಿಗೆ 13. ಕುಲ ತಪ್ಪಾದರೆ ಮುಂದಿನ ಹೋಲಿಕೆಯೆಲ್ಲ ನೀರಿನಲ್ಲಿ ಹೋಮ.

## ಹಂತ 5: ಹಳೆಯ ಹೆಸರುಗಳ ಜೊತೆ ಹೋಲಿಕೆ

ಹೆಚ್ಚಿನವರು ಸೋಲುವುದು ಇಲ್ಲೇ. ಒಟ್ಟು ಸಮಯದ ಅರ್ಧಕ್ಕಿಂತ ಹೆಚ್ಚನ್ನು ಇಲ್ಲಿಗೇ ಮೀಸಲಿಡಿ.

ಮೊದಲು ಆ ಕುಲದಲ್ಲಿ ನಮ್ಮ ಭಾಗಕ್ಕೆ ಸೇರಿದ ಎಲ್ಲ ಹೆಸರುಗಳ ಪಟ್ಟಿ ಮಾಡಿ. ‘ಎಲ್ಲ’ ಎಂದರೆ ಈಗ ಚಾಲ್ತಿಯಲ್ಲಿರುವವು ಮಾತ್ರ ಅಲ್ಲ, ಬೇರೆ ಹೆಸರಿನಡಿ ಸಮಾನನಾಮವಾಗಿ ಮುಚ್ಚಿಹೋದವೂ ಸೇರಬೇಕು. ನಿಮ್ಮ ‘ಹೊಸ’ ಜೇನು ಹಾಗೆ ಮುಚ್ಚಿಹೋದ ಹೆಸರೊಂದರ ನಿಜವಾದ ಒಡೆಯ ಆಗಿರಬಹುದು. ಆಗ ಮಾಡಬೇಕಾದದ್ದು ಹಳೆಯ ಹೆಸರನ್ನು ಎಬ್ಬಿಸುವುದು. ಹೊಸದನ್ನು ಕಟ್ಟುವುದಲ್ಲ.

ಪಟ್ಟಿಗೆ ಡಿಸ್ಕವರ್ ಲೈಫ್ ತಾಣದ ಜೇನುಗಳ ಪಟ್ಟಿ ಒಳ್ಳೆಯ ಆರಂಭ. ನಂತರ ಬಿಂಗಾಮ್ 1897ರಲ್ಲಿ ಬ್ರಿಟಿಷ್ ಇಂಡಿಯಾದ ಕಣಜ, ಜೇನುಗಳ ಬಗ್ಗೆ ಬರೆದ ಸಂಪುಟ, ಆಮೇಲೆ ಏಷ್ಯಾದ ಸೆರಾಟಿನಗಳ ಮೇಲೆ ವಾನ್ ಡೆರ್ ವೆಕ್ಟ್ 1952ರಲ್ಲಿ ಮಾಡಿದ ಪರಿಷ್ಕರಣೆ, ಅಲ್ಲಿಂದ ಈಚಿನ ಪ್ರಬಂಧಗಳು. ಹಳೆಯ ಪ್ರಬಂಧಗಳಲ್ಲಿ ಪಿಥೈಟಿಸ್ ಪ್ರತ್ಯೇಕ ಕುಲವಾಗಿಯೇ ಇದೆ. ಹಾಗಾಗಿ ಎರಡೂ ಹೆಸರಿನಲ್ಲಿ ಹುಡುಕಬೇಕು. ಸ್ಮರಾಗ್ಡುಲವನ್ನು 1787ರಲ್ಲಿ ಫ್ಯಾಬ್ರಿಸಿಯಸ್ ವಿವರಿಸಿದಾಗ ಏಪಿಸ್ ಕುಲಕ್ಕೆ ಸೇರಿಸಿದ್ದ, ಆ ಕಾಲಕ್ಕೆ ಬಹಳಷ್ಟು ಜೇನುಗಳು ಏಪಿಸ್!

ಒಂದು ಕೋಷ್ಟಕ ಮಾಡಿ. ಪ್ರತಿ ಹೆಸರಿನ ಮುಂದೆ: ವಿವರಿಸಿದ ವರ್ಷ, ಮೂಲ ಊರು, ಗಂಡನ್ನೋ ಹೆಣ್ಣನ್ನೋ ನೋಡಿ ಬರೆದದ್ದು, ಮೂಲ ಮಾದರಿ (ಹೆಸರಿಟ್ಟಾಗ ಆಧಾರವಾಗಿದ್ದ ಮಾದರಿ) ಈಗ ಎಲ್ಲಿದೆ. ಮೂರನೆಯ ಅಂಕಣವನ್ನು ಯಾರೂ ತುಂಬುವುದಿಲ್ಲ, ಅಲ್ಲೇ ಗುಂಡಿ ಇರುವುದು. ಹಳೆಯ ವಿವರಣೆಗಳಲ್ಲಿ ಎಷ್ಟೋ ಒಂದೇ ಲಿಂಗದ ಮೇಲೆ ನಿಂತಿವೆ. ನಿಮಗೆ ಸಿಕ್ಕ ಗಂಡು ಯಾವುದಕ್ಕೂ ಹೊಂದುತ್ತಿಲ್ಲ ಎಂದರೆ, ಹೆಣ್ಣು ಮಾತ್ರ ಗೊತ್ತಿರುವ ಪ್ರಭೇದದ ಗಂಡೇ ಅದಾಗಿರಬಹುದು.

ಎರಡು ಸಾಲಿನ ಹಳೆಯ ವಿವರಣೆ ಓದಿ ‘ಹೊಂದುತ್ತಿಲ್ಲ’ ಎಂದು ತೀರ್ಮಾನಿಸಬೇಡಿ. ‘ಹಸಿರು, ಹೊಳೆಯುವ, ರೆಕ್ಕೆ ಪಾರದರ್ಶಕ’ ಎಂಬುದು ಎಲ್ಲಕ್ಕೂ ಹೊಂದುತ್ತದೆ. ಮೂಲ ಮಾದರಿಯನ್ನೇ ನೋಡಬೇಕು. ಫ್ಯಾಬ್ರಿಸಿಯಸ್‌ನ ಮಾದರಿಗಳಲ್ಲಿ ಬಹಳಷ್ಟು ಕೋಪನ್‌ಹೇಗನ್‌ನಲ್ಲಿವೆ. ಬ್ರಿಟಿಷರ ಕಾಲದವು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಆಕ್ಸ್‌ಫರ್ಡ್, ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣೆ ಹೀಗೆ ಹಂಚಿಹೋಗಿವೆ. ಹೋಗಲಾಗದಿದ್ದರೆ ಸಂಗ್ರಹದ ಉಸ್ತುವಾರಿ ನೋಡುವವರಿಗೆ ಬರೆದು ನಿರ್ದಿಷ್ಟ ಕೋನಗಳ ಫೋಟೋ ಕೇಳಿ. ‘ಫೋಟೋ ಕಳಿಸಿ’ ಅಂತ ಸುಮ್ನೆ ಕೇಳಿದರೆ ಬೆನ್ನಿನ ಒಂದು ಚಿತ್ರ ಬರುತ್ತದೆ, ಉಪಯೋಗವಿಲ್ಲ. ಮುಖ ನೇರವಾಗಿ, ಎದೆ ಮೇಲಿನಿಂದ, ಹೊಟ್ಟೆಯ ಕೊನೆಯ ಫಲಕ, ಹಿಂಗಾಲಿನ ತೊಡೆ ಹೀಗೆ ಒಂದೊಂದನ್ನೂ ಹೆಸರಿಸಿ ಕೇಳಿ.

ದೇಶದೊಳಗಿನ ಸಂಗ್ರಹಗಳನ್ನು ಮರೆಯಬೇಡಿ. ಬೆಂಗಳೂರಿನಲ್ಲೇ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಮತ್ತು ಹೆಬ್ಬಾಳದ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಎನ್‌ಬಿಎಐಆರ್‌ನಲ್ಲಿ ಕೀಟ ಸಂಗ್ರಹಗಳಿವೆ. ನಿಮ್ಮ ಜೇನಿನ ಇನ್ನಷ್ಟು ಮಾದರಿಗಳು ಅಲ್ಲಿ ತಪ್ಪು ಹೆಸರಿನಡಿ ಕೂತಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಮೆರಿಕದ ಲೋಹವರ್ಣದ ಲೇಸಿಯೊಗ್ಲಾಸಮ್‌ಗಳನ್ನು ಜೇಸನ್ ಗಿಬ್ಸ್ ಪರಿಷ್ಕರಿಸಿದಾಗ ಹೊಸ ಪ್ರಭೇದಗಳು ಹಳೆಯ ಹೆಸರುಗಳ ಗೊಂದಲ ಬಿಡಿಸುವಾಗಲೇ ಬೇರ್ಪಟ್ಟು ಬಂದವು. ಅದರಲ್ಲೊಂದು, 2011ರಲ್ಲಿ ಹೆಸರು ಪಡೆದ ಲೇಸಿಯೊಗ್ಲಾಸಮ್ ಗಾಥಮ್, ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲೇ ಇತ್ತು. ದಟ್ಟ ಕಾಡೇ ಬೇಕು ಅಂತೇನಿಲ್ಲ.

## ಹಂತ 6: ಬೆಳಕು ಸರಿಮಾಡಿ, ಆಮೇಲೆ ನೋಡಿ

ಲೋಹದ ಹಸಿರು ಬಣ್ಣ ವರ್ಣದ್ರವ್ಯದಿಂದ ಬರುವುದಲ್ಲ. ಹೊರಚರ್ಮದ ತೆಳು ಪದರಗಳ ಮೇಲೆ ಬೆಳಕು ಪ್ರತಿಫಲಿಸಿ ಹುಟ್ಟುತ್ತದೆ. ಹಾಗಾಗಿ ಕೋನ ಬದಲಾದರೆ ಬಣ್ಣವೂ ಬದಲು. ಮೈಕ್ರೋಸ್ಕೋಪ್ ಕೆಳಗೆ ಪಿನ್ನನ್ನು ನಿಧಾನವಾಗಿ ತಿರುಗಿಸಿ ನೋಡಿ: ಹಣೆ ಹಸಿರಿನಿಂದ ನೀಲಿಗೆ ಜಾರುತ್ತದೆ, ಎದೆಯ ಅಂಚಿನಲ್ಲಿ ತಾಮ್ರದ ಛಾಯೆ ಬಂದು ಹೋಗುತ್ತದೆ. ತೇವದ ಡಬ್ಬಿಯಲ್ಲಿ ಮೆತ್ತಗೆ ಮಾಡಿದ ಮಾದರಿ ಒಣಗುವವರೆಗೂ ಬೇರೆಯೇ ಬಣ್ಣ ತೋರಿಸಬಹುದು. ಒಂದೇ ಪ್ರಭೇದದೊಳಗೆ ಹಸಿರು, ನೀಲಿಹಸಿರು, ತಾಮ್ರಹಸಿರು ಇರುವುದು ಮಾಮೂಲಿ. ‘ಹೆಚ್ಚು ನೀಲಿಯಾಗಿದೆ’ ಎಂಬುದೊಂದೇ ವ್ಯತ್ಯಾಸವಾದರೆ ಪೆಟ್ಟಿಗೆ ಮುಚ್ಚಿಡಿ.

ಎಲ್‌ಇಡಿ ಉಂಗುರದ ಬೆಳಕು ನೇರವಾಗಿ ಬಿದ್ದರೆ ಎದೆಯ ಮೇಲೆ ಬಿಳಿ ಚುಕ್ಕಿಗಳ ವೃತ್ತವೊಂದು ಕಾಣುತ್ತದೆ. ಅದು ಬಲ್ಬುಗಳ ಪ್ರತಿಬಿಂಬ. ಅದನ್ನೇ ಗುರುತು ಎಂದು ಬರೆದ ಕರಡುಗಳಿವೆ. ಪರಿಹಾರ ಅಗ್ಗ: ಟ್ರೇಸಿಂಗ್ ಪೇಪರ್ ಸುತ್ತಿ ಕೊಳವೆ ಮಾಡಿ ಮಾದರಿಯ ಸುತ್ತ ನಿಲ್ಲಿಸಿ, ಬೆಳಕು ಅದರ ಮೂಲಕ ಬರಲಿ. ಮಿನುಗು ಆರಿ, ಮೇಲ್ಮೈಯ ಸಣ್ಣ ಕುಳಿಗಳು ಒಂದೊಂದಾಗಿ ಎದ್ದು ಬರುತ್ತವೆ. ಫೋಟೋ ತೆಗೆಯುವಾಗಲೂ ಇದೇ ಉಪಾಯ. ಬೇರೆಬೇರೆ ಆಳದ ಚಿತ್ರಗಳನ್ನು ಜೋಡಿಸಿ ಒಂದು ಮಾಡಬೇಕು, ಅಳತೆಗೆರೆ ಹಾಕಬೇಕು.

## ಹಂತ 7: ಯಾವ ಲಕ್ಷಣ ನಂಬಬೇಕು

ಕುಳಿಗಳೇ ಮುಖ್ಯ. ಎಷ್ಟು ದೊಡ್ಡವು, ಎಷ್ಟು ಒತ್ತಾಗಿವೆ, ನಡುವಿನ ಜಾಗ ನುಣುಪೋ ಸೂಕ್ಷ್ಮವಾಗಿ ಒರಟೋ. ‘ಒತ್ತಾಗಿ ಕುಳಿಗಳಿವೆ’ ಎಂದರೆ ಏನೂ ತಿಳಿಯದು. ‘ಎದೆಯ ನಡುಭಾಗದಲ್ಲಿ ಕುಳಿಗಳ ನಡುವಿನ ಅಂತರ ಕುಳಿಯ ವ್ಯಾಸದ 1ರಿಂದ 2 ಪಟ್ಟು, ಅಂಚಿನಲ್ಲಿ ಅರ್ಧಕ್ಕಿಂತ ಕಮ್ಮಿ’ ಎಂದು ಬರೆಯಿರಿ. ಇನ್ನೊಬ್ಬರು ಅದನ್ನು ಪರೀಕ್ಷಿಸಬಹುದು.

ತಲೆಯ ಆಕಾರ, ದವಡೆಯ ಹಲ್ಲುಗಳು, ಹಿಂಗಾಲಿನ ತೊಡೆಯ ಆಕಾರ, ಗಂಡಿನ ಹೊಟ್ಟೆಯ ಕೊನೆಯ ಮೇಲುಫಲಕ, ಅಡಿಫಲಕಗಳು, ಜನನಾಂಗ ಇವೂ ಗಟ್ಟಿ ಲಕ್ಷಣಗಳು. ಜನನಾಂಗ ತೆಗೆಯಲು ಮಾದರಿಯನ್ನು ತೇವದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಮೆತ್ತಗೆ ಮಾಡಿ, ಕೊಕ್ಕೆಯಂತೆ ಬಗ್ಗಿಸಿದ ಸಣ್ಣ ಪಿನ್ನಿನಿಂದ ಹೊರಗೆಳೆಯಿರಿ. ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಮಾಂಸ ಕರಗುವವರೆಗೆ ಇಡಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಅದು ಚರ್ಮ ಸುಡುತ್ತದೆ. ಚೆನ್ನಾಗಿ ತೊಳೆದು ಗ್ಲಿಸರಿನ್ ಸೀಸೆಗೆ ಹಾಕಿ ಅದೇ ಪಿನ್ನಿಗೆ ಚುಚ್ಚಿ. ಬೇರೆ ಡಬ್ಬಿಯಲ್ಲಿಟ್ಟರೆ ಯಾವುದರದ್ದು ಯಾವುದು ಅನ್ನುವುದು ಆರು ತಿಂಗಳಿಗೆ ಮರೆತುಹೋಗುತ್ತದೆ.

ಮುಖದ ಮೇಲಿನ ದಂತಬಣ್ಣದ ಮಚ್ಚೆ ಸಹಾಯಕ್ಕೆ ಬರುತ್ತದೆ. ಆದರೆ ಅದರ ಗಾತ್ರ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಮೈಗಾತ್ರ ನಂಬಬೇಡಿ. ಜೇನಿನ ಗಾತ್ರ ಮರಿಗೆ ಸಿಕ್ಕ ಪರಾಗದ ಮೇಲೆ ನಿಂತಿದೆ. ಉತ್ತರ ಅಮೆರಿಕದ ಸೆರಾಟಿನ ಕ್ಯಾಲ್ಕರಾಟದಲ್ಲಿ ತಾಯಿ ಮೊದಲ ಮಗಳಿಗೆ ಬೇಕೆಂದೇ ಕಮ್ಮಿ ಊಟ ಇಟ್ಟು ಕುಳ್ಳಿ ಮಾಡುತ್ತಾಳೆ, ಆ ಮಗಳು ತಾಯಿಗೆ ಕೆಲಸದಲ್ಲಿ ನೆರವಾಗುತ್ತಾಳೆ. ಒಂದೇ ಗೂಡಿನಲ್ಲಿ ಎರಡು ಅಳತೆ!

ಈ ಮೂರು ಕಂಡರೆ ತಡೆದು ನಿಲ್ಲಿ. ಒಂದು, ಹೊಟ್ಟೆಯ ಫಲಕಗಳ ನಡುವೆ ಕಂದು ಗುಬುಟು: ಸ್ಟ್ರೆಪ್ಸಿಪ್ಟೆರಾ ಪರಾವಲಂಬಿ ಒಳಗಿದೆ, ಅದು ಹೆಣ್ಣಿಗೆ ಗಂಡಿನ ಲಕ್ಷಣ ತರಬಲ್ಲದು. ಎರಡು, ಮುಖದ ಅರ್ಧ ಒಂದು ಥರ, ಇನ್ನರ್ಧ ಇನ್ನೊಂದು ಥರ: ಗಂಡು ಹೆಣ್ಣು ಬೆರೆತ ಅಪರೂಪದ ಮಾದರಿ. ಮೂರು, ಹರಿದ ರೆಕ್ಕೆ, ಸವೆದ ದವಡೆ: ಮುದಿ ಜೇನು. ಅದರ ಕೂದಲು, ಹಲ್ಲು ಯಾವುದೂ ಲೆಕ್ಕಕ್ಕಿಲ್ಲ.

## ಹಂತ 8: ಡಿಎನ್‌ಎ ಸಾಕ್ಷಿ, ತೀರ್ಪಲ್ಲ

ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ 658 ಅಕ್ಷರಗಳ ಬಾರ್‌ಕೋಡ್ ಮಾಡಿಸಿ. ಗಂಡು ಹೆಣ್ಣು ಜೋಡಿಸಲು ಅದರಷ್ಟು ಸುಲಭದ್ದು ಬೇರೆ ಇಲ್ಲ. ಶೇಕಡಾ ಎರಡು ಮೂರು ಅಂತರ ಕಂಡ ಕೂಡಲೇ ಹೊಸ ಪ್ರಭೇದ ಎನ್ನುವುದು ಮಾತ್ರ ಬೇಡ. ಕೀಟಗಳ ಮೈಯೊಳಗೆ ಬದುಕುವ ವೊಲ್ಬಾಕಿಯ ಬ್ಯಾಕ್ಟೀರಿಯಾ ಈ ಜೀನಿನ ಲೆಕ್ಕವನ್ನೇ ಕೆಡಿಸಬಲ್ಲದು. ಡೇಟಾಬೇಸ್‌ನಲ್ಲಿರುವ ಹೆಸರೂ ಯಾರೋ ಒಬ್ಬರು ಗುರುತಿಸಿದ್ದೇ, ತಪ್ಪಿರಬಹುದು.

ಉಲ್ಟಾ ಸಮಸ್ಯೆಯೂ ಇದೆ. ಮಧ್ಯ ಅಮೆರಿಕದ ಹಸಿರು ಆರ್ಕಿಡ್ ಜೇನು ಯೂಗ್ಲಾಸ ಡಿಲೆಮ್ಮವನ್ನು 2011ರಲ್ಲಿ ಬೇರೆ ಮಾಡುವವರೆಗೂ ಯೂಗ್ಲಾಸ ವಿರಿಡಿಸಿಮ ಎಂದೇ ಕರೆಯುತ್ತಿದ್ದರು. ಫ್ಲಾರಿಡಾದಲ್ಲಿ ನೆಲೆಯೂರಿದ್ದೂ ಇದೇ ಡಿಲೆಮ್ಮ. ನೋಡಲು ಹೆಚ್ಚುಕಮ್ಮಿ ಒಂದೇ. ಗಂಡುಗಳು ಹಿಂಗಾಲಿನಲ್ಲಿ ಕೂಡಿಡುವ ಸುಗಂಧದ ಮಿಶ್ರಣ ಬೇರೆ ಎಂಬುದು ದೊಡ್ಡ ಸಾಕ್ಷಿಯಾಯಿತು. ಅಂದರೆ ಎರಡು ಬೇರೆಬೇರೆ ಬಗೆಯ ಸಾಕ್ಷಿ ಒಂದೇ ಕಡೆ ಬೆರಳು ತೋರಿಸಬೇಕು.

## ಹಂತ 9: ವಿವರಣೆ ಬರೆಯುವುದು

ಈಗ ಪೆನ್ನು ಎತ್ತಿಕೊಳ್ಳಿ. ಪ್ರಾಣಿಗಳ ಹೆಸರಿಡುವ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಿರಬೇಕು, ಬೇರೆ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಬರೆದಿರಬೇಕು, ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಯಾವುದೆಂದೂ ಅದು ಯಾವ ಸಂಗ್ರಹದಲ್ಲಿ ಇರುತ್ತದೆಂದೂ ತಿಳಿಸಿರಬೇಕು. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮಾತಿಗೆ ಬದಲಿಯಲ್ಲ.

ಪ್ರತ್ಯೇಕಿಸುವ ಲಕ್ಷಣಗಳ ಭಾಗ ಮೊದಲು ಬರೆಯಿರಿ, ಚಿಕ್ಕದಾಗಿರಲಿ. ತೀರಾ ಹತ್ತಿರದ ಪ್ರಭೇದ ಯಾವುದು, ಅದರಲ್ಲಿ ಹೇಗೆ, ಇದರಲ್ಲಿ ಹೇಗೆ. ಆ ನಾಲ್ಕು ಸಾಲು ಬರೆಯಲು ಬರುತ್ತಿಲ್ಲ ಎಂದರೆ ನಿಮ್ಮ ಕೈಯಲ್ಲಿ ಹೊಸ ಪ್ರಭೇದ ಇಲ್ಲ, ಐದನೆಯ ಹಂತಕ್ಕೆ ವಾಪಸ್ ಹೋಗಿ. ಉದ್ದನೆಯ ವಿವರಣೆ ಆಮೇಲೆ: ತಲೆ, ಎದೆ, ಹೊಟ್ಟೆ ಎಂಬ ಕ್ರಮ, ಪ್ರತಿಯೊಂದರಲ್ಲೂ ಆಕಾರ, ಕುಳಿ, ಬಣ್ಣ, ಕೂದಲು. ಹೆಣ್ಣಿಗೆ ಬರೆದ ಕ್ರಮವನ್ನೇ ಗಂಡಿಗೂ ಇಡಿ.

ಹೋಲೋಟೈಪ್‌ಗೆ ಪೂರ್ತಿ ಅಂಗಾಂಗ ಇರುವ ಒಂದೇ ಮಾದರಿ ಆರಿಸಿ, ಕೆಂಪು ಚೀಟಿ ಹಾಕಿ. ಉಳಿದವು ಪ್ಯಾರಾಟೈಪ್. ಅನುಮಾನದ ಮಾದರಿಗಳನ್ನು ಪ್ಯಾರಾಟೈಪ್ ಪಟ್ಟಿಗೆ ಸೇರಿಸಬೇಡಿ.

## ಹಂತ 10: ಹೆಸರು

ಸೆರಾಟಿನ ಸ್ತ್ರೀಲಿಂಗ, ಲೇಸಿಯೊಗ್ಲಾಸಮ್ ನಪುಂಸಕಲಿಂಗ. ಊರಿನ ಹೆಸರಿನಿಂದ ಕಟ್ಟುವುದಾದರೆ ಮೊದಲನೆಯದಕ್ಕೆ ‘ಎನ್ಸಿಸ್’, ಎರಡನೆಯದಕ್ಕೆ ‘ಎನ್ಸೆ’ ಎಂದು ಕೊನೆಯಾಗಬೇಕು. ಗಂಡಸಿನ ಗೌರವಕ್ಕಾದರೆ ‘ಇ’, ಹೆಂಗಸಿನದಕ್ಕಾದರೆ ‘ಎಇ’. ಅದೇ ಹೆಸರು ಇಡೀ ಸೆರಾಟಿನ ಕುಲದಲ್ಲಿ ಎಲ್ಲೂ, ಯಾವ ಉಪಕುಲದಲ್ಲೂ ಬಳಕೆಯಾಗಿರಬಾರದು. ಸ್ವಂತ ಹೆಸರಿಡಬೇಡಿ, ಜನ ನಗುತ್ತಾರೆ.

ಪ್ರಕಟವಾಗುವವರೆಗೆ ಹೆಸರನ್ನು ಬಾಯಿಬಿಡಬೇಡಿ. ವಾಟ್ಸಾಪ್‌ನಿಂದ ಪೇಪರ್‌ಗೆ ಹೋಗಿ, ವಿವರಣೆಯೇ ಇಲ್ಲದೆ ಹೆಸರು ಮಾತ್ರ ಅಚ್ಚಾದರೆ ಅದು ಬರಿಗೈ ಹೆಸರು. ಮಾನ್ಯತೆ ಇಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

## ಹಂತ 11: ಪ್ರಕಟಣೆ ಮತ್ತು ಠೇವಣಿ

ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಸಂಹಿತೆಯ 2012ರ ತಿದ್ದುಪಡಿಯ ಪ್ರಕಾರ ಪ್ರಬಂಧ ಮೊದಲೇ ಪ್ರಾಣಿಗಳ ಹೆಸರು ನೋಂದಾಯಿಸುವ ತಾಣವಾದ ಝೂಬ್ಯಾಂಕ್‌ನಲ್ಲಿ ನೋಂದಣಿಯಾಗಿರಬೇಕು, ಆ ನೋಂದಣಿಯ ಗುರುತು ಪ್ರಬಂಧದೊಳಗೇ ಇರಬೇಕು. ಇದು ತಪ್ಪಿದರೆ ಹೆಸರಿಗೆ ಮಾನ್ಯತೆ ಇಲ್ಲ. ಝೂಟ್ಯಾಕ್ಸ, ಝೂಕೀಸ್, ಕೊಯಮತ್ತೂರಿನ ಜರ್ನಲ್ ಆಫ್ ಥ್ರೆಟೆಂಡ್ ಟ್ಯಾಕ್ಸ ಇಂಥವು ಈ ಕೆಲಸ ಗೊತ್ತಿರುವ ಪತ್ರಿಕೆಗಳು. ವಾರದೊಳಗೆ ಅಚ್ಚು ಹಾಕುತ್ತೇವೆ, ದುಡ್ಡು ಕಳಿಸಿ ಎಂಬ ಇಮೇಲ್‌ಗಳನ್ನು ಅಳಿಸಿ.

ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಹೊಸ ಪ್ರಭೇದವನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಗಳನ್ನು ಅಲ್ಲಿ ಠೇವಣಿ ಇಡಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣೆ ಅಂಥ ಸಂಗ್ರಹಾಲಯ. ಹೋಲೋಟೈಪನ್ನು ಮನೆಯ ಬೀರುವಿನಲ್ಲೋ ವಿಭಾಗದ ಕಪಾಟಿನಲ್ಲೋ ಇಡಬೇಡಿ. ಪ್ಯಾರಾಟೈಪ್‌ಗಳನ್ನು ಎರಡು ಮೂರು ಸಂಗ್ರಹಗಳಿಗೆ ಹಂಚಿ, ಒಂದು ಕಡೆ ಹುಳ ಹಿಡಿದರೂ ಇನ್ನೊಂದು ಕಡೆ ಉಳಿಯಲಿ. ಒಪ್ಪಿಸಿದ ರಸೀದಿ, ನೋಂದಣಿ ಸಂಖ್ಯೆ ಎರಡನ್ನೂ ಕರಡು ತಿದ್ದುವ ಹೊತ್ತಿಗೆ ಕೈಯಲ್ಲಿಟ್ಟುಕೊಳ್ಳಿ, ಆ ಸಂಖ್ಯೆ ಪ್ರಬಂಧದ ಮಾದರಿ ಪಟ್ಟಿಯಲ್ಲಿ ಅಚ್ಚಾಗಬೇಕು.